ನನಗೆ ಜ್ವರ ಬಂದಿದೆ

ನಾನು ಬಾಯಿಪಾಠ ಮಾಡಿದ ಮೊದಲ ಇಂಗ್ಲಿಷ್ ವಾಕ್ಯ ರಜಾ ಅರ್ಜಿಯದು. 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ಅನೇಬಲ್ ಟು ಅಟೆಂಡ್ ದ ಸ್ಕೂಲ್.' 1970ರಲ್ಲಿ, ಅರಸೀಕೆರೆ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ, ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಂದೇ ರಾಗದಲ್ಲಿ ಹೇಳುತ್ತಿದ್ದೆವು. ನಮ್ಮ ಬೀದಿಯಿಂದ ಹೈಸ್ಕೂಲಿಗೆ ಹೋಗುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಕೆಳಗಿನ ಕ್ಲಾಸಿನ ಹುಡುಗರೆಲ್ಲ ಹಾಳೆ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಒಬ್ಬನಿಗೆ ರಾಗಿ ಕುಯ್ಲು, ಇನ್ನೊಬ್ಬನ ಮನೆಯಲ್ಲಿ ಎಮ್ಮೆ ಕರು ಹಾಕಿದೆ, ಮತ್ತೊಬ್ಬನ ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿದೆ. ನಾನು ಬರೆಯುತ್ತಿದ್ದುದು ಒಂದೇ, ಫೀವರ್. ಬೇರೆ ವಾಕ್ಯ ನನಗೆ ಗೊತ್ತಿರಲಿಲ್ಲ. ಆ ಹುಡುಗರು ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕೈಯಲ್ಲಿದ್ದ ಇಂಗ್ಲಿಷಿನಲ್ಲಿ ಕಾಲಿನ ಕೀವಿಗೆ ಜಾಗವಿರಲಿಲ್ಲ.

ಮೂವತ್ತಾರು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೇಳಿಕೊಟ್ಟು 2017ರಲ್ಲಿ ನಿವೃತ್ತಳಾದೆ. ಈಗ ಹಿಂದಿರುಗಿ ನೋಡಿದರೆ, ಅಷ್ಟೂ ವರ್ಷ ನಾನು ಸೆಣಸಿದ್ದು ಒಂದೇ ಅಕ್ಷರದ ಜೊತೆ ಅನ್ನಿಸುತ್ತದೆ. 'ಐ' ಎಂಬ ಅಕ್ಷರ. 'ನಾನು' ಎಂದು ಅದರ ಅರ್ಥ ಹೇಳಿಕೊಟ್ಟೆವು. ಅರ್ಥ ಸರಿ. ಆದರೆ ಕನ್ನಡದ ಮಗು ದಿನಕ್ಕೆ ನೂರು ಸಲ ತನ್ನ ಬಗ್ಗೆ ಹೇಳಿಕೊಳ್ಳುವಾಗ ಅದರಲ್ಲಿ ಎಷ್ಟು ಸಲ 'ನಾನು' ಅನ್ನುತ್ತದೆ? ಹಸಿವಾದರೆ 'ನಂಗೆ ಹಸಿವು', ಹೆದರಿದರೆ 'ನಂಗೆ ಭಯ', ಕೇಳಿದ್ದು ಸಿಗದಿದ್ದರೆ 'ನಂಗೆ ಬೇಕು'. ನನಗೆ, ನನಗೆ, ನನಗೆ.

ಗೊಂದಲ ಶುರುವಾದದ್ದು ಇನ್ನೂ ಹಿಂದೆಯೇ. ಒಂದೇ ದಿನ ಬೆಳಿಗ್ಗೆ ಕನ್ನಡ ಪಂಡಿತರು ಪುರುಷವಾಚಕ ಪಾಠ ಮಾಡಿದ್ದರು. ಅವನು, ಅವಳು, ಅದು ಪ್ರಥಮ ಪುರುಷ. ನೀನು ಮಧ್ಯಮ ಪುರುಷ. ನಾನು ಉತ್ತಮ ಪುರುಷ. ಮಧ್ಯಾಹ್ನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಫಸ್ಟ್ ಪರ್ಸನ್ ಯಾವುದು ಎಂದು ಕೇಳಿದರು. ಫಸ್ಟ್ ಅಂದರೆ ಪ್ರಥಮ ತಾನೇ? ಎದ್ದು ನಿಂತು 'ಹಿ' ಎಂದೆ. ಅಂಗೈಗೆ ಎರಡು ಏಟು ಬಿತ್ತು. ಸಂಜೆ ಪಂಡಿತರ ಹತ್ತಿರ ಅಳುತ್ತಾ ಹೋದಾಗ ಅವರು ಕೂರಿಸಿಕೊಂಡು ಹೇಳಿದರು. "ಅವರೂ ಸರಿ, ನೀನೂ ಸರಿ ಕಣಮ್ಮ. ಇಂಗ್ಲಿಷಿನವರು ಮಾತಾಡೋನಿಂದ ಎಣಿಸ್ತಾರೆ. ಸಂಸ್ಕೃತದೋರು ಯಾರ ವಿಷಯ ಮಾತಾಡ್ತೀವೋ ಅವರಿಂದ ಎಣಿಸಿ, ತನ್ನನ್ನ ಕೊನೇಲಿ ಇಟ್ಕೊಂಡ್ರು. ಉತ್ತಮ ಅಂದ್ರೆ ಇಲ್ಲಿ ಒಳ್ಳೇದು ಅಂತಲ್ಲ, ಕಡೇದು ಅಂತ."

ಏಟು ಮರೆತುಹೋಗಿದೆ, ಆ ಮಾತು ಮರೆತಿಲ್ಲ.

ಕನ್ನಡದಲ್ಲಿ 'ನಾನು' ಹೇಳದೆಯೂ ನಡೆಯುತ್ತದೆ ಎಂಬುದು ಇನ್ನೊಂದು. 'ಬಂದೆ' ಅಂದರೆ ಸಾಕು, ಕೊನೆಯ ಎಕಾರದಲ್ಲೇ ನಾನಿದ್ದೇನೆ. 'ಉಂಡೆ, ಮಲಗಿದೆ, ಎದ್ದೆ' ಎಂದು ಮೂರು ಮಾತಿನಲ್ಲಿ ರಾತ್ರಿಯೆಲ್ಲ ಮುಗಿಯುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಬಹುಮಟ್ಟಿಗೆ ಉದುರಿಹೋಗಿದೆ, ಆದ್ದರಿಂದ 'ಐ' ಎದುರಿಗೆ ನಿಲ್ಲಲೇಬೇಕು. ಅದೂ ದೊಡ್ಡಕ್ಷರದಲ್ಲಿ. ನಾನು ಅನ್ನೋದನ್ನ ಮಾತ್ರ ಯಾಕೆ ಟೀಚರ್ ದೊಡ್ಡದಾಗಿ ಬರೀಬೇಕು ಎಂದು ಮಕ್ಕಳು ಪ್ರತಿವರ್ಷ ಕೇಳುತ್ತಿದ್ದರು. ಅಹಂಕಾರಕ್ಕಲ್ಲ ಎಂದು ಹೇಳುತ್ತಿದ್ದೆ. ಹಳೆಯ ಇಂಗ್ಲಿಷಿನ 'ಇಚ್' ಎಂಬ ಪದ ಸವೆಯುತ್ತಾ ಸವೆಯುತ್ತಾ ಒಂದೇ ಗೀಟಾಗಿ ಉಳಿಯಿತು. ಕೈಬರಹದ ಸಾಲಿನ ನಡುವೆ ಅಷ್ಟು ಸಣ್ಣ ಗೀಟು ಕಳೆದುಹೋಗಬಾರದು ಎಂದು ಎತ್ತರಿಸಿ ಬರೆದರು ಎಂಬುದೇ ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

1986ರಲ್ಲಿ ನನ್ನನ್ನು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಕಳಿಸಿದರು. 1963ರಲ್ಲಿ ಶುರುವಾದ ಸಂಸ್ಥೆ ಅದು. ಹಾರ್ನ್‌ಬಿಯವರ ಹೆಸರು ನಾನು ಕೇಳಿದ್ದು ಅಲ್ಲೇ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು ಅವರು. ಕಲಿಯುವವರಿಗಾಗಿ ಅವರು ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಗಿತ್ತು. ಇಂಗ್ಲಿಷ್ ಕ್ರಿಯಾಪದಗಳು ವಾಕ್ಯದಲ್ಲಿ ಕೂರುವ ರೀತಿಯನ್ನು ಇಪ್ಪತ್ತೈದು ಅಚ್ಚುಗಳಾಗಿ ವಿಂಗಡಿಸಿ 1954ರಲ್ಲಿ ಇನ್ನೊಂದು ಪುಸ್ತಕ ಬರೆದರು. ನಮ್ಮ ದೇಶದ ಶಾಲೆಗಳಲ್ಲಿ ಸ್ಟ್ರಕ್ಚರಲ್ ಅಪ್ರೋಚ್ ಎಂದು ಬಂದದ್ದರ ಹಿಂದೆ ಇಂಥ ಕೆಲಸವಿತ್ತು. ವ್ಯಾಕರಣದ ಸೂತ್ರ ಬೇಡ, ವಾಕ್ಯದ ಅಚ್ಚು ಕೊಡಿ, ಮಕ್ಕಳು ಅದರೊಳಗೆ ಪದ ಬದಲಿಸುತ್ತಾ ಹೋಗಲಿ ಎಂಬುದು ಆ ದಾರಿ. ಕಲಿಸುವವರು ಮಾಡಿ ತೋರಿಸಬೇಕು. ನಾವು ಬಾಗಿಲ ಕಡೆ ನಡೆಯುತ್ತಾ 'ಐ ಆಮ್ ಗೋಯಿಂಗ್ ಟು ದ ಡೋರ್' ಅನ್ನುವುದು, ಚಿಲಕಕ್ಕೆ ಕೈಹಾಕಿ 'ಐ ಆಮ್ ಓಪನಿಂಗ್ ದ ಡೋರ್' ಅನ್ನುವುದು.

ಮಕ್ಕಳಿಗೆ ಅದು ತುಂಬಾ ಇಷ್ಟವಾಯಿತು. ಊರಿಗೆ ಮರಳಿದ ಮೇಲೆ ನನ್ನ ಕ್ಲಾಸಿನಲ್ಲಿ ಬಾಗಿಲು, ಕಿಟಕಿ, ಬೋರ್ಡು ಒರೆಸುವ ಬಟ್ಟೆ, ನೀರಿನ ಹೂಜಿ ಎಲ್ಲಕ್ಕೂ ಇಂಗ್ಲಿಷ್ ಬಂತು. 'ನಾನು ಬಾಗಿಲು ತೆಗೀತಿದೀನಿ', 'ಐ ಆಮ್ ಓಪನಿಂಗ್ ದ ಡೋರ್'. ಎರಡೂ ಜೋಡಿ ಎತ್ತಿನಂತೆ ಸರಿಯಾಗಿ ನಡೆದವು. ಅಭಿನಯಿಸಿ ತೋರಿಸಬಹುದಾದ ಕೆಲಸಗಳಿಗೆಲ್ಲ ಎರಡೂ ಭಾಷೆಯಲ್ಲಿ 'ನಾನು' ಬರುತ್ತದೆ ಎಂಬುದನ್ನು ಆಗ ನಾನು ಗಮನಿಸಲಿಲ್ಲ. ಹಸಿವನ್ನು, ಭಯವನ್ನು, ಗೊತ್ತಿರುವುದನ್ನು ಚಿಲಕ ತೆಗೆದು ತೋರಿಸುವುದು ಹೇಗೆ?

ಮುಂದಿನದು 1993ರ ಮಳೆಗಾಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ನಾಲ್ಕು ದಿನ ಬರಲಿಲ್ಲ. ಐದನೇ ದಿನ ಅವಳ ತಮ್ಮ ಒಂದು ಹಾಳೆ ತಂದುಕೊಟ್ಟ. ನಾನು ಕಲಿಸಿದ್ದ ಅರ್ಜಿ ಅದರಲ್ಲಿರಲಿಲ್ಲ. 'ಟು ಮಿ ಫೀವರ್ ಕೇಮ್. ಟು ಮಿ ಸ್ಕೂಲ್ ಈಸ್ ವಾಂಟಿಂಗ್. ಬಟ್ ಲೆಗ್ ಈಸ್ ನಾಟ್ ಕಮಿಂಗ್' ಎಂದು ಬರೆದಿದ್ದಳು. ನನಗೆ ಜ್ವರ ಬಂತು, ನನಗೆ ಶಾಲೆ ಬೇಕು, ಆದರೆ ಕಾಲು ಬರ್ತಿಲ್ಲ. ಕೆಂಪು ಪೆನ್ನಿನಿಂದ ಮೂರನ್ನೂ ಅಡ್ಡ ಗೀಟಿ, ಮೇಲೆ 'ಆಸ್ ಐ ಆಮ್ ಸಫರಿಂಗ್' ಎಂದು ಬರೆದು ವಾಪಸ್ ಕಳಿಸಿದೆ. ಆ ಕ್ಲಾಸಿನಲ್ಲಿ ತಾನೇ ಯೋಚಿಸಿ ಇಂಗ್ಲಿಷಿನಲ್ಲಿ ಮೂರು ಮಾತು ಬರೆದ ಮಗು ಅದೊಂದೇ. ಅದಕ್ಕೆ ನಾನು ಕೊಟ್ಟ ಉತ್ತರ ಅದು. ಆ ಕೆಂಪು ಗೀಟು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಾಗಿ ತಿಂಗಳೊಳಗೆ, ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದ ಅವ್ವನಿಗೆ ಹುಷಾರು ತಪ್ಪಿತು. ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಾತ್ರಿ ಪಾಳಿಯ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಚಿಕ್ಕ ವಯಸ್ಸಿನವರು, ಸೌಜನ್ಯದವರು. ಅವ್ವ ಹೇಳಿದಳು, "ಸಂಕ್ಟ ಆಯ್ತೈತೆ ಕಣವ್ವ. ಎದೆ ಹಿಂಡ್ದಂಗಾಯ್ತೈತೆ. ಕಣ್ಗೆ ಕತ್ಲೆ ಬತ್ತೈತೆ. ಜೀವ ಒಂಥರಾ ಆಯ್ತೈತೆ." ಡಾಕ್ಟರು ಕೇಳಿದರು, 'ಡಸ್ ಷಿ ಹ್ಯಾವ್ ಪೇನ್?' ನಾನು ಅವ್ವನ ಕಡೆ ತಿರುಗಿ ನೋವಾ ಎಂದೆ. "ನೋವಲ್ಲ, ಸಂಕ್ಟ" ಎಂದಳು. ನಾನು ಡಾಕ್ಟರಿಗೆ 'ನೋ ಪೇನ್' ಎಂದುಬಿಟ್ಟೆ.

ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ್ದ ನನಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಎರಡೇ ಪದ. ಅವ್ವನ ನಾಲ್ಕು ಮಾತಿನಲ್ಲಿ 'ನಾನು' ಒಂದು ಸಲವೂ ಇರಲಿಲ್ಲ. ಮಾತಾಡುತ್ತಿದ್ದುದು ಎದೆ, ಕಣ್ಣು, ಜೀವ, ಸಂಕಟ. ನಾನು ಹುಡುಕುತ್ತಿದ್ದುದು 'ಷಿ' ಎಂದು ಶುರುವಾಗುವ ವಾಕ್ಯವನ್ನು. 'ಷಿ ಹ್ಯಾಸ್' ಎಂಬುದರ ಮುಂದೆ ಇಡಲು ನನ್ನಲ್ಲಿದ್ದುದು ಜ್ವರ, ತಲೆನೋವು, ಹೊಟ್ಟೆನೋವು ಅಷ್ಟೇ, ನಾನೇ ಮಕ್ಕಳಿಗೆ ಕೊಟ್ಟಿದ್ದ ಪಟ್ಟಿ. ಅಲ್ಲೇ ಡ್ರಿಪ್ ಸರಿಮಾಡುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು, ಮಂಡ್ಯದ ಕಡೆಯವರು, ಅವ್ವನ ಮಾತು ಕಿವಿಗೆ ಬಿದ್ದೊಡನೆ ತಿರುಗಿ ನೇರವಾಗಿ ಡಾಕ್ಟರಿಗೆ ಹೇಳಿದರು. ಎದೆಯಲ್ಲಿ ಬಿಗಿತ, ವಾಕರಿಕೆ, ತಲೆಸುತ್ತು, ಈಗಲೇ ಇಸಿಜಿ ತೆಗೆಸಿ ಎಂದು. ಅದು ಹೃದಯಾಘಾತವೇ ಆಗಿತ್ತು. ಅವ್ವ ಉಳಿದಳು; ಇನ್ನೂ ಒಂಬತ್ತು ವರ್ಷ ಬದುಕಿದಳು. ಆ ಸಿಸ್ಟರಿಗೆ ಕೈಮುಗಿದದ್ದು ನೆನಪಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಹುಡುಗಿಯ ಹಾಳೆಯನ್ನು ನೆನೆದೆ. ಟು ಮಿ ಫೀವರ್ ಕೇಮ್. ಅವಳು ಮಾಡಿದ್ದೂ ಅವ್ವ ಮಾಡಿದ್ದೂ ಒಂದೇ. ಕನ್ನಡದಲ್ಲಿ ಜ್ವರ ಬರುತ್ತದೆ. ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ಅಳು ಬರುತ್ತದೆ, ನಗು ಬರುತ್ತದೆ. ಬಂದದ್ದು ನನ್ನ ಬಳಿಗೆ ಬಂತು, ಆದ್ದರಿಂದ 'ನನಗೆ'. ನಾನು ಮಾಡಿದ್ದು ಬೇರೆ, ನನಗೆ ಆದದ್ದು ಬೇರೆ. ಈ ಎರಡನ್ನು ನಮ್ಮ ಭಾಷೆ ಬೇರೆ ಬೇರೆ ಇಟ್ಟಿದೆ. ತಮಿಳರ 'ಎನಕ್ಕು', ತೆಲುಗರ 'ನಾಕು', ಹಿಂದಿಯವರ 'ಮುಝೆ' ಎಲ್ಲವೂ ಇದೇ ಕೆಲಸ ಮಾಡುತ್ತವೆ. ಇಂಗ್ಲಿಷು ಎರಡನ್ನೂ ಒಂದೇ 'ಐ'ಗೆ ಕಟ್ಟುತ್ತದೆ.

ರಜೆ ಮುಗಿಸಿ ಬಂದು ಬೋರ್ಡಿನ ಮೇಲೆ ಎರಡು ಸಾಲು ಮಾಡಿದೆ. ಎಡಕ್ಕೆ 'ನಾನು' ಎಂದು ಶುರುವಾಗುವ ಕನ್ನಡ ವಾಕ್ಯಗಳು, ಬಲಕ್ಕೆ 'ನನಗೆ' ಎಂದು ಶುರುವಾಗುವವು. ಮಕ್ಕಳೇ ಹೇಳಿದರು, ನಾನು ಬರೆದೆ. ನಾನು ನೋಡುತ್ತೇನೆ, ನನಗೆ ಕಾಣಿಸುತ್ತೆ. ನಾನು ಆಲಿಸುತ್ತೇನೆ, ನನಗೆ ಕೇಳಿಸುತ್ತೆ. ನಾನು ಯೋಚಿಸುತ್ತಿದ್ದೇನೆ, ನನಗೆ ಅನ್ನಿಸುತ್ತೆ. ಬಲಗಡೆ ಸಾಲು ಬೆಳೆಯಿತು. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಅರ್ಥವಾಗುತ್ತೆ, ನನಗೆ ನೆನಪಿದೆ, ನನಗೆ ಇಬ್ಬರು ತಂಗಿಯರಿದ್ದಾರೆ. ಪಕ್ಕದಲ್ಲಿ ಇಂಗ್ಲಿಷ್ ಬರೆಯುತ್ತಾ ಹೋದೆ. ಐ ಸಿ, ಐ ಹಿಯರ್, ಐ ಥಿಂಕ್, ಐ ನೋ, ಐ ವಾಂಟ್, ಐ ಲೈಕ್, ಐ ಅಂಡರ್‌ಸ್ಟ್ಯಾಂಡ್, ಐ ರಿಮೆಂಬರ್, ಐ ಹ್ಯಾವ್.

ಬರೆದು ಮುಗಿಸಿ ನಿಂತಾಗ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ಉಳಿಯಿತು. 'ಇಂಗ್' ಹಚ್ಚಬಾರದು ಎಂದು ಇಂಗ್ಲಿಷ್ ವ್ಯಾಕರಣದಲ್ಲಿ ಪಟ್ಟಿ ಕೊಟ್ಟು ಉರುಹೊಡೆಸುವ ಕ್ರಿಯಾಪದಗಳೇ ಅವು! 'ಐ ಆಮ್ ನೋಯಿಂಗ್', 'ಐ ಆಮ್ ವಾಂಟಿಂಗ್', 'ಐ ಆಮ್ ಹ್ಯಾವಿಂಗ್ ಟು ಸಿಸ್ಟರ್ಸ್' ಎಂದು ನಾವು ಎಡವುವ ಜಾಗವೆಲ್ಲ ಅದೇ. ಯಾವ ವಾಕ್ಯ ಕನ್ನಡದಲ್ಲಿ 'ನನಗೆ' ಎಂದು ಶುರುವಾಗುತ್ತದೋ ಅಲ್ಲಿ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಇಂಗ್' ಬರುವುದಿಲ್ಲ. 'ಐ ಆಮ್ ಹ್ಯಾವಿಂಗ್ ಫೀವರ್' ತಪ್ಪು, ಯಾಕೆಂದರೆ ನನಗೆ ಜ್ವರ ಇದೆ. 'ಐ ಆಮ್ ಹ್ಯಾವಿಂಗ್ ಲಂಚ್' ಸರಿ, ಯಾಕೆಂದರೆ ನಾನು ಊಟ ಮಾಡುತ್ತಿದ್ದೇನೆ. 'ಐ ಥಿಂಕ್' ಅಂದರೆ ನನಗನ್ನಿಸುತ್ತೆ, 'ಐ ಆಮ್ ಥಿಂಕಿಂಗ್' ಅಂದರೆ ನಾನು ಯೋಚಿಸುತ್ತಿದ್ದೇನೆ. ಪೂರಾ ನಿಯಮ ಅಂತ ಹೇಳಲಾರೆ. 'ನಂಬು' ಎಂಬುದು ಕನ್ನಡದಲ್ಲಿ 'ನಾನು' ಜೊತೆಗೇ ಹೋಗುತ್ತದೆ, ಆದರೂ ಇಂಗ್ಲಿಷಿನಲ್ಲಿ 'ಐ ಬಿಲೀವ್' ಅನ್ನಬೇಕು. ಹೀಗೆ ಕೆಲವು ಸೋರುತ್ತವೆ. ಆದರೂ ಒಂಬತ್ತನೇ ಕ್ಲಾಸಿನ ಮಗುವಿಗೆ ಹದಿನೈದು ಕ್ರಿಯಾಪದಗಳ ಪಟ್ಟಿ ಉರುಹೊಡೆಸುವುದಕ್ಕಿಂತ, ನಿನ್ನ ಕನ್ನಡವನ್ನೇ ಕೇಳಿಕೋ ಅನ್ನುವುದು ಎಷ್ಟೋ ಮೇಲು. ಅವತ್ತು ಆ ಹುಡುಗಿಯನ್ನು ಎಬ್ಬಿಸಿ, ಇದು ನಿನ್ನ ಪತ್ರದಿಂದ ನನಗೆ ಹೊಳೆದದ್ದು ಎಂದು ಎಲ್ಲರೆದುರು ಹೇಳಿದೆ. ಅವಳು ತಲೆ ತಗ್ಗಿಸಿಯೇ ನಿಂತಿದ್ದಳು.

'ಹ್ಯಾವ್' ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಸರಿಯಾಗಿ ಕೂರುವ ಒಂದು ಪದ ಕನ್ನಡದಲ್ಲಿಲ್ಲ, ಇಲ್ಲದಿರುವುದೇ ಒಳ್ಳೆಯದು. ನನಗೆ ಇಬ್ಬರು ಮಕ್ಕಳು. ನನ್ನ ಹತ್ತಿರ ನೂರು ರೂಪಾಯಿ ಇದೆ. ನನ್ನಲ್ಲಿ ಧೈರ್ಯವಿದೆ. ಮಕ್ಕಳಿಗೆ ಒಂದು, ದುಡ್ಡಿಗೆ ಒಂದು, ಗುಣಕ್ಕೆ ಒಂದು. ಮಕ್ಕಳನ್ನು ದುಡ್ಡಿನ ಹಾಗೆ 'ಹತ್ತಿರ' ಇಟ್ಟುಕೊಳ್ಳಲು ಕನ್ನಡ ಬಿಡುವುದಿಲ್ಲ. ಈಗ ಪತ್ರಿಕೆಗಳಲ್ಲಿ 'ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ' ಎಂದು ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊಂದುವುದು ಜಮೀನನ್ನು, ಪದವಿಯನ್ನು. ಮಕ್ಕಳು ಇರುತ್ತಾರೆ.

ಇಂಗ್ಲಿಷನ್ನು ನಾನು ದೂರುತ್ತಿಲ್ಲ, ಅನ್ನ ಕೊಟ್ಟ ಭಾಷೆ ಅದು. ಒಂದು ಒಳ್ಳೆಯದನ್ನು ಅದರಿಂದ ಕಲಿತೆ. ನಮ್ಮಲ್ಲಿ ಮಗು ಗ್ಲೋಬನ್ನು ಬೀಳಿಸಿದರೆ 'ಬಿದ್ದೋಯ್ತು ಟೀಚರ್' ಅನ್ನುತ್ತದೆ; ದೊಡ್ಡವರಾದ ಮೇಲೆ 'ತಪ್ಪಾಯ್ತು' ಅನ್ನುತ್ತೇವೆ. ಯಾರಿಂದ ಆಯಿತು ಎಂಬುದು ಅದರಲ್ಲಿಲ್ಲ. 'ಐ ಬ್ರೋಕ್ ಇಟ್' ಎಂದು ಹೇಳಲು ಮಕ್ಕಳಿಗೆ ಕಲಿಸಿದ ಮೇಲೆ, ಕನ್ನಡದಲ್ಲೂ 'ನಾನೇ ಬೀಳಿಸಿದೆ ಟೀಚರ್' ಎಂದು ಎದ್ದು ನಿಂತ ಹುಡುಗರನ್ನು ನೋಡಿದ್ದೇನೆ.

ಅಂಚೆ ತೆರಪಿನಲ್ಲಿ ಎಂ.ಎ. ಕಟ್ಟಿದ್ದಾಗ ಸಂಪರ್ಕ ತರಗತಿಯಲ್ಲಿ ನಿಸ್ಸಿಮ್ ಎಝಕೀಲ್ ಅವರ 'ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.' ಓದಿಸಿದರು. ಮಾತುಮಾತಿಗೂ 'ಇಂಗ್' ಹಚ್ಚುವ ಭಾರತೀಯರ ಇಂಗ್ಲಿಷಿನಲ್ಲೇ ಬರೆದ ಪದ್ಯ. ಇಡೀ ಕೊಠಡಿ ನಕ್ಕಿತು. ನನಗೆ ನಗಲಾಗಲಿಲ್ಲ, ನನ್ನ ಮಕ್ಕಳೇ ಕಣ್ಣ ಮುಂದೆ ಬಂದರು. ಅದೇ ಓದಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆಯ ಪುಸ್ತಕದಲ್ಲಿ ಒಂದು ಪುಟ ಸಿಕ್ಕಿತು, ಅದನ್ನು ಎಷ್ಟು ಸಲ ಓದಿದೆನೋ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ 'ಮಿಥಿಂಕ್ಸ್' ಎಂಬ ಮಾತಿನಲ್ಲಿರುವ 'ಮಿ' ಎಂಬುದು 'ನನಗೆ'. 'ಥಿಂಕ್ಸ್' ಎಂಬುದು ಯೋಚಿಸು ಎಂಬ ಪದವಲ್ಲ, 'ತೋರು' ಎಂಬ ಅರ್ಥದ ಬೇರೊಂದು ಹಳೆಯ ಕ್ರಿಯಾಪದ. ಎರಡೂ ಸೇರಿದರೆ ನನಗೆ ತೋರುತ್ತದೆ, ನನಗನ್ನಿಸುತ್ತದೆ. ಇಷ್ಟವನ್ನೂ ಹಳೆಯ ಇಂಗ್ಲಿಷಿನವರು ಹೀಗೇ 'ನನಗೆ' ಎಂದು ಹೇಳುತ್ತಿದ್ದರು. ಶತಮಾನಗಳು ಕಳೆದಂತೆ ಆ 'ನನಗೆ' ಸರಿದುಹೋಗಿ ಎಲ್ಲ ಕಡೆ 'ಐ' ಬಂದು ಕೂತಿತು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಗೊತ್ತಿದ್ದ ದಾರಿಯಲ್ಲೇ ನನ್ನ ಹುಡುಗಿ ನಡೆದಿದ್ದಳು.

ನ್ಯೂಜೆರ್ಸಿಯಲ್ಲಿರುವ ಮೊಮ್ಮಗಳು ಫೋನಿನಲ್ಲಿ 'ಐ ಮಿಸ್ ಯು ಅಜ್ಜಿ' ಅನ್ನುತ್ತಾಳೆ. ನಾನು 'ನಿನ್ನ ನೆನಪಾಗ್ತೈತೆ ಮಗಳೇ' ಅನ್ನುತ್ತೇನೆ. ಹೋದ ದೀಪಾವಳಿಗೆ ಬಂದಿದ್ದಾಗ ಎರಡಕ್ಕೂ ಇರುವ ವ್ಯತ್ಯಾಸ ಕೇಳಿದಳು. ನಿನ್ನ ಮಾತಿನಲ್ಲಿ ಮೊದಲು ನೀನು ಬರ್ತೀಯ, ನನ್ನ ಮಾತಿನಲ್ಲೂ ಮೊದಲು ನೀನೇ ಬರ್ತೀಯ ಎಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ಬಂದು ತಬ್ಬಿಕೊಂಡಳು.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ, ಅದರಲ್ಲೂ ಹಳ್ಳಿಯ ಶಾಲೆಗಳಲ್ಲಿರುವ ನನ್ನ ತಂಗಿ ತಮ್ಮಂದಿರಲ್ಲಿ ಒಂದು ಕೇಳಿಕೆ. ಬೋರ್ಡಿನ ಮೇಲೆ ಇಂಗ್ಲಿಷಿನ 'ಐ' ಬರೆಯುವ ಮೊದಲು ಎಡಕ್ಕೆ ಒಂದು ಜಾಗ ಬಿಡಿ, ಮಗು ಅದನ್ನು ಕನ್ನಡದಲ್ಲಿ ಹೇಗೆ ಹೇಳುತ್ತದೆ ಎಂದು ಕೇಳಿ ಅಲ್ಲಿ ಬರೆಯಿರಿ. ಇನ್ನು, ಯಾವುದಾದರೂ ಮಗು 'ಟು ಮಿ ಫೀವರ್ ಕೇಮ್' ಎಂದು ಬರೆದುಕೊಟ್ಟರೆ ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು, ಮೊದಲು ಜ್ವರ ಬಿಟ್ಟಿತೇ ಎಂದು ಕೇಳಿ.